ಆರ್ಫಾ ಅತ್ತಿಗೆಯ ಎರಡು ಹಲಗೆ

ನನ್ನ ಅತ್ತಿಗೆ ಆರ್ಫಾಳ ಅಡುಗೆಮನೆಯ ಮೇಜಿಗೆ ಒಂದು ಕಾಲು ಗಿಡ್ಡ. ಅದರಡಿಗೆ ನನ್ನ ಅಣ್ಣ ಮರ್ಲ್ ಸೀಸದ ಒಂದು ಗಟ್ಟಿ ಇಟ್ಟಿದ್ದ. ಕೋವಿಗುಂಡು ಎರಕ ಹೊಯ್ಯಬೇಕೆನಿಸಿದಾಗೆಲ್ಲ ಆ ಗಟ್ಟಿಯನ್ನು ಎಳೆದುಕೊಂಡು ಹೋಗುತ್ತಿದ್ದ. ಅಂಥ ದಿನ ಅತ್ತಿಗೆ ಮೇಜಿನ ಮೂಲೆಗೆ ಮಂಡಿ ಆನಿಸಿ, ಒಂಟಿ ಕಾಲಿನ ಕೊಕ್ಕರೆಯ ಹಾಗೆ ನಿಂತು, ಹಣ್ಣು ತುಂಬಿ ಬೇಯಿಸುವ ಪೈಗೆ ಹಿಟ್ಟು ಲಟ್ಟಿಸುತ್ತಿದ್ದಳು.

"ಸೀಸ ಎಲ್ಲಿ ಅತ್ತಿಗೆ?" ಎಂದರೆ, "ಯಾವ್ದೋ ಜಿಂಕೆ ಹೊಟ್ಟೇಲಿರ್ಬೇಕು. ನಿಮ್ಮಣ್ಣನ ಗುರಿ ಗೊತ್ತಲ್ಲ, ಜಿಂಕೆ ಹಿಂದಿನ ಮರದಲ್ಲಿದ್ರೂ ಇರ್ಬಹುದು" ಎನ್ನುತ್ತಿದ್ದಳು.

ಒಳ್ಳೆಯ ಮೇಜಿಗೆ ಬೇಕಾದ ಮರ ಅವಳ ತಲೆಯ ಮೇಲೇ ಇತ್ತು. ಅವಳ ಮದುವೆಯಾದ ವರ್ಷ ಅವಳಪ್ಪ ತನ್ನ ಗುಡ್ಡದ ಬೆನ್ನಿನಲ್ಲಿದ್ದ ಕಾಡುಚೆರ್ರಿ ಮರವೊಂದನ್ನು ಕಡಿಸಿ, ಮಿಲ್ಲಿನಲ್ಲಿ ದಪ್ಪ ಹಲಗೆಗಳಾಗಿ ಸೀಳಿಸಿ ತಂದಿದ್ದ. ಮೇಜಿನ ಕಾಲುಗಳೂ ಅದರಲ್ಲೇ ಆಗಲಿ ಎಂದು ಅಷ್ಟು ದಪ್ಪ. "ಇದು ನಿನ್ನ ಮೇಜು ಮಗಳೇ, ಇನ್ನೂ ಮಲಗಿದೆ ಅಷ್ಟೆ" ಎಂದು ಹೇಳಿ, ಹಲಗೆ ಹಲಗೆಯ ನಡುವೆ ಕಡ್ಡಿ ಕೊಟ್ಟು, ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಜೋಡಿಸಿ ಹೋದ. ಮುದುಕ ತೀರಿಕೊಂಡ. ಮೇಜು ಮಾತ್ರ ಏಳಲಿಲ್ಲ. ವರ್ಷವರ್ಷವೂ ಮರ್ಲ್ ಅಟ್ಟ ಹತ್ತಿ, ಹಲಗೆಯನ್ನು ಬೆರಳಿನಿಂದ ಬಡಿದು, "ಇನ್ನೂ ಹಸಿ ಇದೆ ಆರ್ಫಾ" ಎಂದು ಇಳಿದು ಬರುತ್ತಿದ್ದ. ಮೇಜಿಗೆ ಹಸಿಯಾಗಿದ್ದ ಮರ ಕೋವಿಗೆ ಮಾತ್ರ ಹೇಗೋ ಒಣಗಿರುತ್ತಿತ್ತು. ಪ್ರತಿ ಚಳಿಗಾಲ ಒಂದು ಹಲಗೆ ಕೆಳಗಿಳಿದು ಕೋವಿಯ ಮೈಯಾಗುತ್ತಿತ್ತು.

ನಮ್ಮ ಪೆನ್ಸಿಲ್ವೇನಿಯಾದ ಗುಡ್ಡಗಳಲ್ಲಿ ಗಂಡಸರಿಗೆ ಹಳೇ ಕಾಲದ ಕೋವಿಯ ಹುಚ್ಚು ಮತ್ತೆ ಹತ್ತಿದ್ದ ಕಾಲ ಅದು. ನಳಿಗೆಯ ಬಾಯಿಗೆ ಮದ್ದು ಸುರಿದು, ಬಟ್ಟೆಚೂರಿನಲ್ಲಿ ಗುಂಡು ಸುತ್ತಿ, ಕೋಲಿನಿಂದ ಜಡಿದು, ಕುದುರೆ ಎಂಬ ಕೀಲಿಗೆ ಸಿಕ್ಕಿಸಿದ ಚಕಮಕಿ ಕಲ್ಲಿನಿಂದ ಕಿಡಿ ಹಾರಿಸಿ ಹೊಡೆಯುವ ಉದ್ದ ಕೋವಿ. ಹಗಲೆಲ್ಲ ಸಾಮಿಲ್ಲಿನಲ್ಲೋ ಗ್ಯಾರೇಜಿನಲ್ಲೋ ದುಡಿದು ಬಂದವರು ಸಂಜೆಗೆ ಉಳಿ ಹಿಡಿಯುತ್ತಿದ್ದರು. ಹುಲಿಪಟ್ಟೆಯಂತೆ ಗೆರೆ ಇರುವ ಮೇಪಲ್ ಮರವೇ ಕೋವಿಗೆ ಶ್ರೇಷ್ಠ ಎಂದು ಅವರ ನಂಬಿಕೆ. ಮರ್ಲ್ ಮಾತ್ರ ಚೆರ್ರಿಯ ಪರವಾಗಿ ಭಾಷಣ ಬಿಗಿಯುತ್ತಿದ್ದ. "ಉಳಿ ಇಟ್ರೆ ಬೆಣ್ಣೆ ಥರ ಬಿಡತ್ತೆ. ಬಣ್ಣ ಬಳಿಯೋದೇ ಬೇಡ, ಬಿಸಿಲು ಕಂಡ್ರೆ ತಾನೇ ಕೆಂಪಾಗತ್ತೆ!" ಚೆರ್ರಿ ಅವನಿಗೆ ಬಿಟ್ಟಿ ಸಿಗುತ್ತದೆಂಬುದು ಆ ಭಾಷಣದಲ್ಲಿ ಬರುತ್ತಿರಲಿಲ್ಲ.

ತಾನೇ ಕೆಂಪಾಗುತ್ತದೆ ಎಂಬ ಮಾತಂತೂ ಅತ್ತಿಗೆಗೆ ಬಹಳ ಇಷ್ಟವಾದದ್ದು. ಅವನ ಷರಟು ತಾನೇ ಒಗೆದುಕೊಳ್ಳುತ್ತಿತ್ತು, ಬ್ರೆಡ್ಡು ತಾನೇ ಉಬ್ಬುತ್ತಿತ್ತು, ಅದೇ ರೀತಿ ಕೋವಿಯೂ ತಾನೇ ಕೆಂಪಾಗುತ್ತಿತ್ತು. ಮರ್ಲ್ ಮರ ಕೆತ್ತುತ್ತಿದ್ದ, ನಳಿಗೆ ಕೂರಿಸುತ್ತಿದ್ದ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಅವನ ಕೈ ಒಳ್ಳೆಯದು. ಆಮೇಲೆ ಆ ಬೋಳು ಮರವನ್ನು ಕುಂಟುಮೇಜಿನ ಮೇಲೆ ಇಟ್ಟು, "ಇನ್ನೇನಿಲ್ಲ, ಒರೆಸೋ ಕೆಲಸ ಅಷ್ಟೆ" ಎಂದು ಹೋಗುತ್ತಿದ್ದ. ಅತ್ತಿಗೆ ಆಲೂಗಡ್ಡೆ ಬೇಯುವಷ್ಟರಲ್ಲಿ ಮರದ ಮೈಗೆ ಒದ್ದೆ ಬಟ್ಟೆ ಸವರಿ, ಒಲೆಯ ಕಾವಿಗೆ ಹಿಡಿದು, ನಿಮಿರಿದ ನವಿರನ್ನೆಲ್ಲ ಗಾಜಿನ ಚೂರಿನಿಂದ ಹೆರೆಯುತ್ತಿದ್ದಳು. ಮತ್ತೆ ಒದ್ದೆ ಮಾಡುವುದು, ಮತ್ತೆ ಹೆರೆಯುವುದು. ಒಲೆಯ ಬೂದಿಗೆ ನೀರು ಹೊಯ್ದು ಹುಲ್ಲಿನಲ್ಲಿ ಸೋಸಿದ ಕ್ಷಾರದ ತಿಳಿಯಿಂದ ಒಂದು ತೆಳು ಲೇಪ. ಆಮೇಲೆ ಬಟ್ಟೆ ಹಗ್ಗಕ್ಕೆ ತೂಗುಬಿಟ್ಟು ಬಿಸಿಲು ಕಾಯಿಸುವುದು. ಬಟ್ಟೆ ಹರವಲು, ತೆಗೆಯಲು, ಕೋಳಿಗೆ ಕಾಳು ಹಾಕಲು ಹೊರಗೆ ಹೋದಾಗೆಲ್ಲ ಅದನ್ನು ಇಷ್ಟಿಷ್ಟೇ ತಿರುಗಿಸಿ ಬರುತ್ತಿದ್ದಳು. ಕೊನೆಗೆ ಅಗಸೆ ಎಣ್ಣೆಯನ್ನು ಅಂಗೈಯ ಬುಡದಿಂದ, ಮರ ಬೆಚ್ಚಗಾಗುವವರೆಗೆ, ವಾರಗಟ್ಟಲೆ ತಿಕ್ಕುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಅವಳ ಪಕ್ಕ ಕೂತರೆ ಅಗಸೆ ಎಣ್ಣೆ ಮೂಗಿಗೆ ಬಡಿಯುತ್ತಿತ್ತು.

ಪ್ರತಿ ಸೆಪ್ಟೆಂಬರಿನಲ್ಲಿ ನಮ್ಮೂರ ಕೆಳಗಿನ ಹುಲ್ಲುಗಾವಲಿನಲ್ಲಿ ಕೋವಿ ಪಂದ್ಯ. ಗುರಿ ಹೊಡೆಯುವುದು ಒಂದು ಕಡೆ, ಮಾಡಿದ ಕೋವಿಗಳನ್ನು ಕಂಬಳಿಯ ಮೇಲೆ ಸಾಲಾಗಿ ಇಟ್ಟು ಪರೀಕ್ಷಿಸುವುದು ಇನ್ನೊಂದು ಕಡೆ. ಗೆದ್ದ ಕೋವಿಗೆ ನೀಲಿ ರಿಬ್ಬನ್. ರಿಬ್ಬನ್ ಕಟ್ಟುವ ಮೊದಲು ಮಾಡಿದವನು ಎದ್ದು ನಿಂತು, ಟೋಪಿ ತೆಗೆದು, ಕೋವಿಯ ಯಾವ ಭಾಗ ಯಾರ ಕೈಯದು ಎಂದು ಎಲ್ಲರೆದುರು ಹೇಳಬೇಕು. ಅದು ಅಜ್ಜಂದಿರ ಕಾಲದಿಂದ ಬಂದ ಕಟ್ಟಳೆ. ಅಲ್ಲಿ ಸುಳ್ಳು ಹೇಳಿದವನ ಜೊತೆ ಯಾರೂ ಬೇಟೆಗೆ ಹೋಗುವುದಿಲ್ಲ. ಮರ್ಲ್ ಎರಡು ಸಲ ಹಾಗೆ ನಿಂತಿದ್ದ. "ನಳಿಗೆ ಹೋಮರ್ ಶ್ರೆಕ್‌ನದು. ಚಕಮಕಿ ಕುದುರೆ ಪೇಟೆ ಅಂಗಡೀದು. ಉಳಿದದ್ದೆಲ್ಲ ನನ್ನ ಕೈದು." ಅವನ ಪ್ರಕಾರ ಅದು ಸುಳ್ಳಲ್ಲ. ಒರೆಸುವುದನ್ನು ಕೆಲಸ ಎಂದು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಚರ್ಚಿನ ಹೆಂಗಸರ ಪೈ ಅಂಗಡಿಯಲ್ಲಿ ನಿಂತು ಅತ್ತಿಗೆ ಅದನ್ನು ಕೇಳಿಸಿಕೊಂಡು, ಸುಮ್ಮನೆ ಪೈ ಕೊಯ್ಯುತ್ತಿದ್ದಳು. ಆ ದಿನಗಳಲ್ಲಿ ಚೂರುಗಳು ಸ್ವಲ್ಪ ಸೊಟ್ಟಗಿರುತ್ತಿದ್ದವು.

ಅಟ್ಟದಲ್ಲಿ ಮೂರೇ ಹಲಗೆ ಉಳಿದ ವರ್ಷ ಅತ್ತಿಗೆ ಏಣಿಯ ಬುಡದಲ್ಲಿ ಅಡ್ಡ ನಿಂತಳು.

"ಮೇಜಿಗೆ ಎರಡು ಹಲಗೆ ಬೇಕು ಮರ್ಲ್. ಒಂದು ತಗೋ. ಎರಡು ಅಲ್ಲೇ ಇರ್ಲಿ."

"ಅವೆರಡೇ ಕಣೇ ಒಳ್ಳೆ ಹಲಗೆ! ಇನ್ನೆರಡು ಕೋವಿ ಆಗತ್ತೆ. ಮೇಜು ಪೇಟೇಲಿ ಸಿಗತ್ತೆ, ಪ್ಲಾಸ್ಟಿಕ್ ಹೊದಿಕೆ ಇರೋದು. ಒರೆಸೋಕೂ ಸುಲಭ."

ಆ "ಒರೆಸೋಕೆ" ಎಂಬ ಮಾತು ಬಾಯಿಂದ ಬೀಳದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ. ಅತ್ತಿಗೆ ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ಸರಿ. ಈ ಸಲದ ಕೋವಿ ನಾನು ಮುಟ್ಟಲ್ಲ. ಕೆತ್ತೋದೂ ನೀನೇ, ಒರೆಸೋದೂ ನೀನೇ. ಕೇಳಿದ್ರೆ ಹೇಳ್ತೀನಿ, ಕೈ ಹಾಕಲ್ಲ. ಹಾಗೆ ಮಾಡಿ ನೀಲಿ ರಿಬ್ಬನ್ ತಂದ್ರೆ ಎರಡು ಹಲಗೇನೂ ನಿಂದೇ. ತರಲಿಲ್ಲ ಅಂದ್ರೆ ನಂಗೆ ಮೇಜು. ಫರ್ನ್, ನೀನೇ ಸಾಕ್ಷಿ."

ಫರ್ನ್ ಎಂದರೆ ನಾನು. ಅವರ ಮನೆಯ ಬೇಲಿಯಾಚೆಗೇ ನನ್ನ ಮನೆ. ಸಾಕ್ಷಿ ಹೇಳುವುದಕ್ಕೆ ಹೇಳಿ ಮಾಡಿಸಿದ ಜಾಗ.

ಮರ್ಲ್ ನಕ್ಕುಬಿಟ್ಟ. "ಒರೆಸೋದು ತಾನೆ? ಆಗ್ಲಿ ಬಿಡು!"

ಕೆತ್ತನೆ ಬೇಸಿಗೆಯ ಹೊತ್ತಿಗೆ ಮುಗಿಯಿತು, ಚೆನ್ನಾಗಿಯೇ ಆಯಿತು. ಆಮೇಲೆ ಅವನು ತನ್ನದೇ ಅಡುಗೆಮನೆಗೆ ಕಾಲಿಟ್ಟ. ಪರದೇಶಕ್ಕೆ ಇಳಿದವನ ಹಾಗೆ ಸುತ್ತ ನೋಡಿದ.

"ಆರ್ಫಾ, ಬಟ್ಟೆಚೂರು ಎಲ್ಲಿರತ್ತೆ?"

"ಇಪ್ಪತ್ತು ವರ್ಷದಿಂದ ಎಲ್ಲಿದ್ಯೋ ಅಲ್ಲೇ."

ಅವನು ತಟ್ಟೆ ಒರೆಸುವ ಬಟ್ಟೆಯಿಂದಲೇ ಮರ ಒದ್ದೆ ಮಾಡಿದ. ಒಂದೇ ಸಲ ಹೆರೆದು ಸಾಕೆಂದ. ಬೂದಿ ಸೋಸಲು ತಾಳ್ಮೆ ಸಾಲದೆ, ಮೋರಿ ಕಟ್ಟಿಕೊಂಡಾಗ ಸುರಿಯುವ ಕ್ಷಾರದ ಪುಡಿಯನ್ನು ಅಂಗಡಿಯಿಂದ ತಂದ. ಎರಡೂ ಒಂದೇ ಜಾತಿ, ಇದಕ್ಕೆ ಜೋರು ಹೆಚ್ಚು ಎಂಬುದು ಅವನ ಲೆಕ್ಕ. ಅದನ್ನು ಕಲಸಲು ಕೈಗೆ ಸಿಕ್ಕಿದ್ದು ಅಲ್ಯೂಮಿನಿಯಂ ಕಾಫಿ ಪಾತ್ರೆ. ನಮ್ಮಮ್ಮನ ಕಾಲದ್ದು, ಮರ್ಲ್‌ಗೆ ಜೀವ.

ನಾನು ಬೇಲಿಯಾಚೆ ಬೀನ್ಸ್ ಬಿಡಿಸುತ್ತಿದ್ದೆ. ಮೊದಲು ಕುದಿಯುವ ಸದ್ದು. ಆಮೇಲೆ ಮರ್ಲ್‌ನ ಕೂಗು. ಆಮೇಲೆ ಅವನೇ, ನೊರೆ ಉಕ್ಕುತ್ತಿದ್ದ ಪಾತ್ರೆಯನ್ನು ಮಾರುದೂರ ಹಿಡಿದುಕೊಂಡು ಅಂಗಳಕ್ಕೆ ಓಡಿಬಂದ. ಪಾತ್ರೆಯ ತಳ ಕಿತ್ತು ಬಿತ್ತು. ಕೈಯಲ್ಲಿ ಹಿಡಿಕೆಯೂ ಮೂತಿಯೂ ಉಳಿದವು.

"ಅಮ್ಮನ ಪಾತ್ರೆ ಕಣೆ!" ಎಂದ, ನನ್ನ ಕಡೆ ತಿರುಗಿ.

"ಕೇಳಿದ್ರೆ ಹೇಳ್ತಿದ್ದೆ," ಎಂದಳು ಅತ್ತಿಗೆ ಬಾಗಿಲಿನಿಂದ, "ಅದಕ್ಕೆ ಮಣ್ಣಿನ ಜಾಡಿ ಬೇಕು ಅಂತ."

ಪಾತ್ರೆಯದು ನೆಲಕ್ಕೆ ಚೆಲ್ಲುವ ಮೊದಲೇ ಮರಕ್ಕೂ ಒಂದಿಷ್ಟು ಬಳಿದಿದ್ದನಂತೆ. ಬಳಿದಲ್ಲಿ ಮರ ಇದ್ದಿಲಿನ ಹಾಗೆ ಕಪ್ಪಾಯಿತು. ಅದರ ಕ್ಷಾರ ಮುರಿಯಲು ವಿನಿಗರ್ ಬೇಕೆಂದು ಯಾರೋ ಹೇಳಿದ್ದು ನೆನಪಾಗಿ, ಸೌತೆಕಾಯಿ ಉಪ್ಪಿನಕಾಯಿಯ ಜಾಡಿಯನ್ನೇ ಅದರ ಮೇಲೆ ಬಗ್ಗಿಸಿದ. ಸಬ್ಬಸಿಗೆ ಬೀಜದ ಸಮೇತ. ನಾಲ್ಕು ದಿನ ಕೋವಿಯ ಸುತ್ತ ಬೆಕ್ಕು ಸುತ್ತಿತು. ಕೊನೆಗೆ ಎಲ್ಲವನ್ನೂ ಬಿಳಿಮರದವರೆಗೆ ಹೆರೆದು ಹಾಕಿ, ಬೆವರು ಒರೆಸಿಕೊಂಡು, "ಬಿಸಿಲಿದೆಯಲ್ಲ. ಅದಕ್ಕೆ ಯಾರ ಹಂಗೂ ಬೇಡ" ಎಂದು ಬಟ್ಟೆ ಹಗ್ಗಕ್ಕೆ ತಂತಿ ಕಟ್ಟಿ ಕೋವಿಯ ಮರವನ್ನು ತೂಗುಹಾಕಿದ.

ಅದು ಸೋಮವಾರ. ಸೋಮವಾರ ನಮ್ಮಲ್ಲಿ ಬಟ್ಟೆ ಒಗೆಯುವ ದಿನ. ಹಗ್ಗ ಅತ್ತಿಗೆಯದು, ಆ ದಿನವೂ ಅವಳದೇ. ಅವಳು ಕೋವಿಯಿಂದ ಗೇಣು ಜಾಗ ಬಿಟ್ಟು ಹಾಸಿಗೆ ಬಟ್ಟೆ, ಷರಟು, ಕಾಲುಚೀಲ ಎಲ್ಲ ಹರವಿದಳು. ತುದಿಯಲ್ಲಿ ಮರ್ಲ್‌ನ ಭುಜಪಟ್ಟಿ. ಅವನ ಪ್ಯಾಂಟು ಹೊಟ್ಟೆಯ ಕೆಳಗೆ ಜಾರದಂತೆ ಎರಡು ಹೆಗಲ ಮೇಲಿಂದ ಎತ್ತಿ ಹಿಡಿಯುವ, ಬೆನ್ನಲ್ಲಿ ಒಂದಾಗಿ ಸೇರುವ, ಹಲ್ಲುಹಲ್ಲಿನ ಕ್ಲಿಪ್ಪುಗಳಿರುವ ಪಟ್ಟಿ. ಅದೇ ಬೆಳಗ್ಗೆ ಮರ್ಲ್ ನಾಲ್ಕು ದಿನಕ್ಕೆ ನಳಿಗೆ ಮಾಡುವ ಹೋಮರ್ ಶ್ರೆಕ್‌ನ ಜೊತೆ ಮೀನು ಹಿಡಿಯಲು ಹೊರಟಿದ್ದ. ಗಾಳಿ ಒಂದು ಸಲ ಜೋರಾಗಿ ಬೀಸಿತು. ಒದ್ದೆ ಭುಜಪಟ್ಟಿ ಹಾರಿ ಕೋವಿಯ ಬುಡಕ್ಕೆ ತಬ್ಬಿಕೊಂಡಿತು. ಕ್ಲಿಪ್ಪು ಕಚ್ಚಿತು.

ಅತ್ತಿಗೆ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಪಿಕಪ್ ಗಾಡಿಯ ಬಳಿ ಹೋದಳು. "ಮರ್ಲ್, ನಿನ್ನ ಭುಜಪಟ್ಟಿ ನಿನ್ನ ಕೋವಿಗೆ ಸುತ್ಕೊಂಡಿದೆ."

ಮರ್ಲ್ ಗೇರು ಹಾಕುತ್ತಿದ್ದ. "ಒಣಗ್ಲಿ ಬಿಡೇ!"

"ತೆಗೀಬೇಕಾದ್ರೆ ಕೋವಿ ಮುಟ್ಬೇಕಾಗತ್ತೆ."

"ಒಣಗ್ಲಿ ಅಂದ್ನಲ್ಲ!" ಗಾಡಿ ಧೂಳೆಬ್ಬಿಸಿಕೊಂಡು ಹೋಯಿತು. ನಾಲ್ಕು ದಿನ ಅವನು ಪ್ಯಾಂಟಿಗೆ ದಾರ ಕಟ್ಟಿಕೊಂಡು ಮೀನು ಹಿಡಿದನೆಂದು ಹೋಮರ್ ಆಮೇಲೆ ಹೇಳಿದ.

ಸಂಜೆ ಅತ್ತಿಗೆ ಒಣಗಿದ ಬಟ್ಟೆಯನ್ನೆಲ್ಲ ತೆಗೆದಳು. ಭುಜಪಟ್ಟಿಯನ್ನು ಬಿಟ್ಟಳು. "ತೆಗೆದುಬಿಡು ಅತ್ತಿಗೆ, ಯಾರು ನೋಡ್ತಾರೆ?" ಎಂದೆ. "ನಾನು ನೋಡ್ತೀನಲ್ಲ," ಎಂದಳು. ಮಾತೆಂದರೆ ಮಾತು. ನಾಲ್ಕು ದಿನ ಮೋಡವಿಲ್ಲದ ಬಿಸಿಲು. ಅವಳು ಕೋಳಿಗೆ ಕಾಳು ಹಾಕಲು ಹೋಗುವಾಗಲೆಲ್ಲ ಕೈ ತಾನಾಗಿ ಕೋವಿಯ ಕಡೆ ಏಳುತ್ತಿತ್ತು. ಆಗ ಆ ಕೈಯನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಳ್ಳುತ್ತಿದ್ದಳು.

ಗುರುವಾರ ಸಂಜೆ ಮರ್ಲ್ ಬಂದು ಭುಜಪಟ್ಟಿ ಬಿಚ್ಚಿ ಹಾಕಿಕೊಂಡ. ಮರ ಸ್ವಲ್ಪ ತೇಪೆ ತೇಪೆ ಕಂಡಿತಂತೆ, ಧೂಳಿರಬೇಕೆಂದುಕೊಂಡ. ಶುಕ್ರವಾರ ಎಣ್ಣೆ ಹಚ್ಚಿದ. ಎಣ್ಣೆ ಬಿದ್ದಿದ್ದೇ ತಡ, ಕೋವಿಯ ಕೆನ್ನೆ ಆನಿಸುವ ಜಾಗದಲ್ಲಿ, ಗಾಢ ಕೆಂಪಿನ ನಡುವೆ, ಕವಲೊಡೆದ ಬಿಳಿ ಗುರುತೊಂದು ಎದ್ದು ನಿಂತಿತು. ಮೇಲೆ ಎರಡು ತೋಳು, ಕೆಳಗೆ ಒಂದು ಕಾಲು, ತುದಿಯಲ್ಲಿ ಹಲ್ಲುಹಲ್ಲಿನ ಚಿಕ್ಕ ಚೌಕ.

ಅವನು ಕೋವಿ ಹಿಡಿದುಕೊಂಡು ಅಡುಗೆಮನೆಗೆ ಬಂದ. ದನಿ ಇಳಿದಿತ್ತು. "ಆರ್ಫಾ, ಇದನ್ನ ಹೇಗೆ ತೆಗೀಬೇಕು?"

ಅದು ಆ ಕೋವಿಯ ಬಗ್ಗೆ ಅವನು ಕೇಳಿದ ಮೊದಲ ಸರಿಯಾದ ಪ್ರಶ್ನೆ.

"ಮತ್ತೆ ಬಿಸಿಲಿಗಿಡ್ಬೇಕು. ತಿರುಗಿಸ್ತಾ ಇರ್ಬೇಕು. ಒಂದೆರಡು ವಾರ."

"ಪಂದ್ಯ ನಾಳೆ!"

"ಗೊತ್ತು. ಪೈಗೆ ಸೇಬು ಹೆಚ್ತಾ ಇದೀನಿ."

ಶನಿವಾರ ಮರ್ಲ್ ಕೋವಿಯನ್ನು ಕಂಬಳಿಯ ಮೇಲೆ, ಗುರುತು ಕೆಳಮುಖವಾಗುವಂತೆ ಇಟ್ಟ. ತೀರ್ಪು ಕೊಡುವ ಮುದುಕ ಫೆಟರಾಲ್ಫ್ ಸಾಲುದ್ದಕ್ಕೂ ಮೇಪಲ್ ಹುಲಿಪಟ್ಟೆಗಳನ್ನೇ ನೋಡಿ ನೋಡಿ ಆಕಳಿಸುತ್ತ ಬಂದವನು, ಚೆರ್ರಿಯನ್ನು ಎತ್ತಿ ಮಗುಚಿದ. ಆಕಳಿಕೆ ಅರ್ಧಕ್ಕೇ ನಿಂತಿತು.

"ಇದೇನಯ್ಯಾ ಇದು? ಬಣ್ಣ ಅಲ್ಲ, ಕೆತ್ತಿ ಕೂರಿಸಿದ್ದಲ್ಲ. ಮರದೊಳಗಿಂದಾನೇ ಬಂದಿದೆ!"

ಗಂಡಸರೆಲ್ಲ ಸುತ್ತುವರಿದರು. ಒಬ್ಬ ಅದು ಜಿಂಕೆಯ ಕೊಂಬೆಂದ. ಇನ್ನೊಬ್ಬ ಎರಡು ಹೊಳೆ ಕೂಡುವ ಜಾಗ, ನಕ್ಷೆ, ಎಂದ. ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವರು ಬಗ್ಗಿ ನೋಡಿ, ಹಳೆಯ ಜರ್ಮನ್ ಕಮ್ಮಾರರ ಗುಟ್ಟಿನ ಗುರುತಿರಬಹುದೆಂದೂ, ಕೆಳಗಿನ ಹಲ್ಲುಹಲ್ಲಿನ ಚೌಕ ಕೋಟೆ ಎಂದೂ ಹೇಳಿದರು. ಎಲ್ಲರೂ ದನಿ ತಗ್ಗಿಸಿದರು. ಫೆಟರಾಲ್ಫನ ಕೈ ಜೇಬಿನಲ್ಲಿದ್ದ ನೀಲಿ ರಿಬ್ಬನ್ನಿನ ಕಡೆ ಹೋಯಿತು.

ಪೈ ಅಂಗಡಿಯಲ್ಲಿ ಅತ್ತಿಗೆಯ ಮುಖ ಸಣ್ಣಗಾದದ್ದು ನನಗೆ ಕಂಡಿತು. ಎರಡು ಹಲಗೆಗಳೂ ಅಟ್ಟದಿಂದ ಇಳಿದು ಕೋವಿಯಾಗಿ ನಡೆದುಹೋಗುವುದು ಅವಳ ಕಣ್ಣೆದುರಿತ್ತು.

ಅಷ್ಟರಲ್ಲಿ ತೀರ್ಪಿನವರಿಗೆ ಪೈ ಕೊಡಲು ಹೋದ ಮಿಸೆಸ್ ಜೆಟಲ್‌ಮೋಯರ್ ಗಂಡಸರ ಹೆಗಲುಗಳ ನಡುವಿಂದ ಒಂದು ಸಲ ಇಣುಕಿದಳು. ಪೈ ತಟ್ಟೆಯನ್ನು ಯಾರದೋ ಕೈಗೆ ತುರುಕಿ, ಬಾಯಿಗೆ ಏಪ್ರನ್ ಒತ್ತಿಕೊಂಡು ಓಡಿಬಂದಳು.

"ಅಯ್ಯೋ ಆರ್ಫಾ! ಅದು ಮರ್ಲ್‌ನ ಭುಜಪಟ್ಟಿ ಅಲ್ವೇನೇ? ನಮ್ಮನೆಯವರ ಷರಟಿನ ಮೇಲೂ ಕ್ಲಿಪ್ಪು ಹಾಗೇ ಕಚ್ಚಿರತ್ತೆ!"

ಅಂಗಡಿಯ ಹೆಂಗಸರಲ್ಲಿ ಒಬ್ಬೊಬ್ಬಳೇ ಹೋಗಿ ಇಣುಕಿ ಬಂದಳು. ಬಂದವಳೆಲ್ಲ ಮೇಜಿಗೆ ತಲೆ ಆನಿಸಿ ನಕ್ಕಳು. ಆ ಕಡೆ ಗಂಡಸರು ಕೋಟೆಗೆ ಬುರುಜು ಎಷ್ಟೆಂದು ಎಣಿಸುತ್ತಿದ್ದರು.

"ಹೋಗಿ ಹೇಳೇ," ಎಂದೆ ನಾನು ಅತ್ತಿಗೆಗೆ.

"ಹೇಳೋದು ಮಾಡಿದವರ ಕೆಲಸ," ಎಂದಳು. ಚಾಕು ಪೈಯ ಮೇಲೆ ನಿಂತಿತ್ತು, ಒಳಗೆ ಇಳಿದಿರಲಿಲ್ಲ.

ಫೆಟರಾಲ್ಫ್ ರಿಬ್ಬನ್ ತೆಗೆದ. "ಮರ್ಲ್ ಡಂಕಲ್, ಟೋಪಿ ತೆಗಿ. ಹೇಳು."

ಮರ್ಲ್ ಟೋಪಿ ತೆಗೆದ. "ನಳಿಗೆ ಹೋಮರ್ ಶ್ರೆಕ್‌ನದು. ಚಕಮಕಿ ಕುದುರೆ ಪೇಟೆ ಅಂಗಡೀದು. ಉಳಿದದ್ದೆಲ್ಲ..."

ರಿಬ್ಬನ್ ನೋಡಿದ. ಪೈ ಅಂಗಡಿ ನೋಡಿದ. ಅತ್ತಿಗೆ ಅವನನ್ನು ನೋಡುತ್ತಿರಲಿಲ್ಲ, ಪೈ ನೋಡುತ್ತಿದ್ದಳು. ನಮ್ಮಣ್ಣ ಮಂದ. ಆದರೆ ಗೊತ್ತಿದ್ದೂ ಸುಳ್ಳು ಹೇಳಿದವನಲ್ಲ. ಅಲ್ಲಿಯವರೆಗೆ ಅವನಿಗೆ ಗೊತ್ತೇ ಇರಲಿಲ್ಲ ಅಷ್ಟೆ. ಈ ಬೇಸಿಗೆ ಅವನಿಗೆ ಗೊತ್ತಾಗಿಹೋಗಿತ್ತು.

"ಆ ಗುರುತು ನನ್ನ ಭುಜಪಟ್ಟೀದು," ಎಂದ.

"ಏನಂದೆ?"

"ಪ್ಯಾಂಟಿಗೆ ಹಾಕ್ಕೊಳ್ಳೋದು." ಹೆಗಲ ಮೇಲಿಂದ ಎಳೆದು ಬಿಟ್ಟು ತೋರಿಸಿದ. ಅದು ಚಟಾರೆಂದಿತು. "ಬಟ್ಟೆ ಹಗ್ಗದಲ್ಲಿ ಸುತ್ಕೊಂಡಿತ್ತು. ಅದರಡೀಲಿ ಬಿಸಿಲು ಬಿದ್ದಿಲ್ಲ."

"ಯಾರು ಸುತ್ತಿದ್ದು?"

"ಗಾಳಿ."

"ಹಗ್ಗಕ್ಕೆ ಹಾಕಿದ್ದು?"

"ಆರ್ಫಾ. ಒಗೆದಿದ್ದೂ ಅವಳೇ."

ಇತಿಹಾಸದ ಮೇಷ್ಟ್ರು ಕೋಟೆಯನ್ನು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಫೆಟರಾಲ್ಫ್ ಕನ್ನಡಕ ಏರಿಸಿದ. "ಹೋದ ವರ್ಷದ್ದು ರೇಷ್ಮೆ ಥರ ಒಂದೇ ಸಮ ಇತ್ತಲ್ಲಯ್ಯಾ?"

"ಅದನ್ನ ತಿರುಗಿಸಿದ್ದು, ತಿಕ್ಕಿದ್ದು ಅವಳು."

"ಅದರ ಹಿಂದಿನ ವರ್ಷದ್ದು?"

"ಫೆಟರಾಲ್ಫ್, ಒಂದೊಂದಾಗಿ ಕೇಳ್ಬೇಡ್ವೋ. ಎಲ್ಲಾ ಅವಳೇ."

ಆಗ ಪೈ ಅಂಗಡಿಯಿಂದ ಅತ್ತಿಗೆಯ ದನಿ ಹುಲ್ಲುಗಾವಲು ದಾಟಿ ಬಂತು. "ಈ ಸಲದ್ದಲ್ಲ! ಈ ಸಲದ್ದು ನಾನು ಮುಟ್ಟಿಲ್ಲ. ಅದೊಂದು ನನ್ನ ತಲೆಗೆ ಕಟ್ಬೇಡಿ!"

ನಗು ಇಳಿಯಲು ಬಹಳ ಹೊತ್ತು ಹಿಡಿಯಿತು. ಫೆಟರಾಲ್ಫ್ ರಿಬ್ಬನ್ನನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದ. "ಗಾಳಿಗೆ ರಿಬ್ಬನ್ ಕೊಡೋ ಕಟ್ಟಳೆ ನಮ್ಮಲ್ಲಿಲ್ಲ," ಎಂದು ಹೇಳಿ, ಪಕ್ಕದ ಮೇಪಲ್ ಕೋವಿಯತ್ತ ತಿರುಗಿದ. ಆ ಕೋವಿಯವನು ಎದ್ದು ನಿಂತು ಬಾಯಿ ತೆರೆದ. ಪೈ ಅಂಗಡಿಯಲ್ಲಿದ್ದ ತನ್ನ ಹೆಂಡತಿಯನ್ನು ನೋಡಿ ಬಾಯಿ ಮುಚ್ಚಿದ. ಮತ್ತೆ ತೆರೆದು ಬಹಳ ನಿಧಾನವಾಗಿ, ಯೋಚಿಸಿ ಯೋಚಿಸಿ ಹೇಳಿದ.

ಮನೆಗೆ ಬರುವಾಗ ಗಾಡಿಯಲ್ಲಿ ನಾವು ಮೂವರು, ನನ್ನ ತೊಡೆಯ ಮೇಲೆ ಖಾಲಿ ಪೈ ತಟ್ಟೆಗಳು.

"ಸುಮ್ನಿದ್ದಿದ್ರೆ ಗೆದ್ದಿರ್ತಿದ್ದೆ," ಎಂದ ಮರ್ಲ್.

"ಹೌದು," ಎಂದಳು ಅತ್ತಿಗೆ.

ಸೇತುವೆ ದಾಟಿತು. ಸಾಮಿಲ್ಲು ದಾಟಿತು.

"ಮೇಜು ಎಷ್ಟು ಎತ್ತರ ಬೇಕು?"

ಅತ್ತಿಗೆ ಕೂತಲ್ಲೇ ಯೋಚಿಸಿದಳು. "ಹಿಟ್ಟು ನಾದೋರ ಸೊಂಟದಷ್ಟು. ಗಾಡಿ ನಿಲ್ಸು, ನಿಂತು ತೋರಿಸ್ತೀನಿ." ರಸ್ತೆ ಬದಿಯಲ್ಲಿ ಇಳಿದು ನಿಂತಳು. ಮರ್ಲ್ ಭುಜಪಟ್ಟಿ ಬಿಚ್ಚಿ ನೆಲದಿಂದ ಸೊಂಟದವರೆಗೆ ಅಳತೆ ಹಿಡಿದ, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು. ಎಲಾಸ್ಟಿಕ್‌ನಲ್ಲಿ ಅಳತೆ ನಿಲ್ಲುವುದಿಲ್ಲವೆಂದು ಅವನಿಗೆ ಮನೆಗೆ ಬಂದ ಮೇಲೆ ಹೊಳೆಯಿತು.

ಆ ಚಳಿಗಾಲ ಅಟ್ಟದ ಎರಡು ಹಲಗೆ ಒಣಗಿದ್ದವು. ಮರ್ಲ್ ಮೇಜು ಮಾಡಿದ. ನಾಲ್ಕು ಕಾಲೂ ಒಂದೇ ಎತ್ತರ, ಕೀಲುಗಳಲ್ಲಿ ಕೂದಲೂ ತೂರದು. ಬೇಸಿಗೆ ಬಂದಾಗ ಇಬ್ಬರೂ ಅದನ್ನು ಹೊತ್ತು ಅಂಗಳಕ್ಕೆ ತಂದರು. ಒದ್ದೆ ಮಾಡಿ ಹೆರೆದದ್ದು ಅತ್ತಿಗೆ. ಅರ್ಧ ಭಾಗ ಮರ್ಲ್ ತಾನೇ ಕೇಳಿ ಕೇಳಿ ಮಾಡಿದ. ಬಿಸಿಲಿಗಿಟ್ಟ ಮೇಲೆ ತಿರುಗಿಸುವ ಕೆಲಸವೂ ಹಂಚಿಕೆ. ಮೊದಲ ದಿನವೇ ಅವನು ಅಭ್ಯಾಸಬಲದಿಂದ ತನ್ನ ಅರ, ಉಳಿ, ಮದ್ದು ತುಂಬಿಡುವ ಕೊಂಬು ಎಲ್ಲ ಅದರ ಮೇಲೆ ಹರವಿದ. ಅತ್ತಿಗೆ ಒಂದೊಂದನ್ನೇ ಎತ್ತಿ ಹುಲ್ಲಿನ ಮೇಲಿಟ್ಟಳು. ಆಮೇಲೆ ಒಳಗೆ ಹೋಗಿ ಅವನ ಕಾಫಿ ಮಗ್ಗು ತಂದು, ಮೇಜಿನ ಬಾಗಿಲ ಕಡೆಯ ಮೂಲೆಯಲ್ಲಿ ಬೋರಲು ಹಾಕಿ, "ಇದನ್ನ ಯಾರೂ ಮುಟ್ಬಾರ್ದು" ಎಂದಳು.

ವಾರದ ಮೇಲೆ ಮಗ್ಗು ಎತ್ತಿದಾಗ ಕೆಂಪು ಹಲಗೆಯ ಮೂಲೆಯಲ್ಲಿ ಬಿಳಿಯ ದುಂಡು ಗುರುತು.

"ಅದು ನಿನ್ನ ಜಾಗ ಮರ್ಲ್. ಉಳಿದದ್ದೆಲ್ಲ ನಂದು."

ಚೆರ್ರಿ ಮರ ಅಲ್ಲವೇ, ಬೆಳಕು ಕಂಡು ಕಂಡು ಆ ದುಂಡು ಈಗ ಸುತ್ತಲಿನ ಕೆಂಪಿನಲ್ಲಿ ಸೇರಿಹೋಗಿದೆ. ಬಾಗಿಲ ಮೇಲೆ ತೂಗುಹಾಕಿದ ಕೋವಿಯ ಕೋಟೆಯೂ ಹಾಗೆಯೇ ಮಾಯವಾಯಿತು. ನೋಡಲು ಬಂದ ಗಂಡಸರು ಬೇಜಾರು ಮಾಡಿಕೊಂಡು ಹೋಗುತ್ತಾರೆ. ಆದರೆ ನಿನ್ನೆ ನಾನು ಹೋದಾಗಲೂ ನೋಡಿದೆ. ಮರ್ಲ್ ಕಾಫಿ ಹಿಡಿದು ಬಂದ, ಪೇಪರಿನಿಂದ ಕಣ್ಣೆತ್ತದೆ ಮಗ್ಗು ಇಟ್ಟ. ಅದು ಗುರುತಿಲ್ಲದ ಆ ಮೂಲೆಗೇ ಹೋಗಿ ಕೂತಿತು.